ಬಿಕ್ಕಳಿಸುವ ಪಂಪು

ಮೈಕಣ್ಣನ ನಿಜವಾದ ಹೆಸರು ಮತದಾರರ ಪಟ್ಟಿಗೆ ಬಿಟ್ಟರೆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಮದುವೆಗೆ, ಚುನಾವಣೆ ಸಭೆಗೆ, ಕಳೆದುಹೋದ ಮಗುವನ್ನು ಹುಡುಕುವುದಕ್ಕೆ, ನಮ್ಮ ಧರಣಿಗೆ, ಎಲ್ಲದಕ್ಕೂ ಮೈಕ್‌ಸೆಟ್ಟು ಅವನದೇ. ಮೂವತ್ತು ವರ್ಷ ನಾನು ಬೀದಿಯಲ್ಲಿ ನಿಂತು ಕೂಗಿದ್ದೆಲ್ಲ ಅವನ ಹಾರನ್ನಿನಲ್ಲೇ ಕೂಗಿದ್ದು. ನನ್ನ ಗಂಟಲಿಗೆ ಬಂದ ಹೆಸರಿನಲ್ಲಿ ಅರ್ಧ ಅವನ ಆಂಪ್ಲಿಫೈಯರಿಗೆ ಸೇರಬೇಕು.

ಒಮ್ಮೆ ಮೆರವಣಿಗೆಯಲ್ಲಿ ಪೊಲೀಸರು ನಮ್ಮನ್ನೂ ಆಂಪ್ಲಿಫೈಯರನ್ನೂ ಒಟ್ಟಿಗೆ ವ್ಯಾನಿಗೆ ತುಂಬಿದರು. ಸಂಜೆ ನಮ್ಮನ್ನು ಬಿಟ್ಟರು, ಅದನ್ನು ಬಿಡಲಿಲ್ಲ. ಇವನು ಠಾಣೆಯ ಬೆಂಚಿನಿಂದ ಏಳಲೇ ಇಲ್ಲ.

“ನಿನ್ನನ್ನ ಬಿಟ್ಟಾಯ್ತಲ್ಲಯ್ಯ, ಹೋಗು,” ಅಂದರು ಇನ್‌ಸ್ಪೆಕ್ಟರು.

“ನಾನು ಅದರ ಜೊತೆಗೆ ಬಂದೋನು ಸಾರ್. ಅದನ್ನ ಬಿಡಿ, ಹೋಗ್ತೀನಿ.”

ಎರಡು ದಿನ ಕೂತ. ಮೂರನೆಯ ದಿನ ಇವನ ಕಾಟ ತಾಳಲಾರದೆ ಅದನ್ನೂ ಬಿಟ್ಟರು. ಅಂಥ ಆಸಾಮಿ. ಸದ್ದು ಮಾಡುವ ಯಾವುದನ್ನೂ ಬಿಟ್ಟು ಬರುವ ಜಾಯಮಾನ ಅವನದಲ್ಲ. ಆ ಗುಣವೇ ಮುಂದೆ ಅವನ ಮನೆ ಮುರಿಯಿತು. ಮುರಿಯುವುದಕ್ಕೆ ಸುತ್ತಿಗೆ ಕೈಗೆ ಕೊಟ್ಟವನು ನಾನು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಕಾಲ ಬದಲಾಯಿತು. ಎದೆ ನಡುಗಿಸುವ ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿಕೊಂಡು ಬರುವವರು ಬಂದರು. ಮೈಕಣ್ಣನ ಹಾರನ್ನುಗಳು ಅಟ್ಟ ಸೇರಿದವು, ಅವುಗಳ ಬಾಯಲ್ಲಿ ಜೇಡ ಸಂಸಾರ ಹೂಡಿತು. ಅದೇ ಸುಮಾರಿಗೆ ಊರಿಗಿದ್ದ ಒಂದೇ ಒಂದು ವಾರಪತ್ರಿಕೆಯೂ ಕಣ್ಣು ಮುಚ್ಚಿತು. ದೊಡ್ಡ ಚಾನೆಲ್ಲುಗಳಿಗೆ ನಮ್ಮಂಥ ಸಣ್ಣ ಊರು ನೆನಪಾಗುವುದು ಕೊಲೆಯಾದರೆ, ಇಲ್ಲವೇ ಸೇತುವೆ ಬಿದ್ದರೆ. ಇವನು ಅಂಗೈಯಗಲದ ರೆಕಾರ್ಡರ್ ಒಂದನ್ನು ತಂದು ಪಾಡ್‌ಕಾಸ್ಟ್ ಶುರು ಮಾಡಿದ. ಹೆಸರು ‘ಊರ ಸದ್ದು’. ಪ್ರತಿ ಶುಕ್ರವಾರ ಸಂಜೆ ಆರಕ್ಕೆ.

“ಏನೋ ಅದು ಪಾಡ್‌ಕಾಸ್ಟು?” ಅಂತ ಕೇಳಿದೆ.

“ಮೈಕು ಅದೇ ಲೀಡ್ರೇ. ಹಾರನ್ನು ಮಾತ್ರ ಜನರ ಜೇಬಲ್ಲಿರ್ತದೆ.”

ಅವನದೊಂದು ಪದ್ಧತಿ ಇತ್ತು. ಯಾರನ್ನೂ ತನ್ನ ಕೋಣೆಗೆ ಕರೆಸಿ ಮಾತಾಡಿಸುತ್ತಿರಲಿಲ್ಲ. ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ, ಮೊದಲು ಒಂದು ನಿಮಿಷ ಆ ಕೆಲಸದ ಸದ್ದನ್ನಷ್ಟೇ ಹಿಡಿಯುತ್ತಿದ್ದ. ಕ್ಷೌರಿಕನ ಕತ್ತರಿ. ಕೋರ್ಟಿನ ಎದುರು ನಲವತ್ತು ವರ್ಷದಿಂದ ಅರ್ಜಿ ಕುಟ್ಟುತ್ತಿದ್ದ ಹೆಂಗಸಿನ ಟೈಪ್‌ರೈಟರು. ಆಸ್ಪತ್ರೆಯ ಶವಾಗಾರದ ಬಾಗಿಲು. ಆ ಒಂದು ನಿಮಿಷ ಮುಗಿದ ಮೇಲೆಯೇ ಮನುಷ್ಯನ ದನಿ. ಊರಿನವರಿಗೆ ಇದು ಆಟವಾಯಿತು. ಸಲೂನಿನಲ್ಲಿ, ಆಟೋ ಸ್ಟ್ಯಾಂಡಿನಲ್ಲಿ, ಟೈಲರ್ ಅಂಗಡಿಯಲ್ಲಿ ಶುಕ್ರವಾರ ಸಂಜೆ ಫೋನಿನ ಸುತ್ತ ತಲೆಗಳು ಸೇರುತ್ತಿದ್ದವು. ದನಿ ಬರುವ ಮೊದಲೇ ಇದು ಎಲ್ಲಿಯ ಸದ್ದು ಅಂತ ಹೇಳಬೇಕು, ಹೇಳಿದವನು ಗೆದ್ದ. “ಇದು ಹಳೇ ಸೇತುವೆ ಹತ್ರದ ಗಿರಣಿ ಕಣೋ, ಬೆಲ್ಟು ಜಾರೋ ಸದ್ದು ಕೇಳಲ್ವಾ?” ಅನ್ನುವಷ್ಟರ ಮಟ್ಟಿಗೆ ಜನರ ಕಿವಿ ಹದವಾಯಿತು. ಎರಡು ವರ್ಷ ವಾರವಾರವೂ ಕೂತು ಮೈಕಣ್ಣ ಇಡೀ ಊರಿನ ಕಿವಿಗೆ ಸಾಣೆ ಹಿಡಿದ.

ಎಲ್ಲರಿಗಿಂತ ಮೊದಲು ಕೇಳುತ್ತಿದ್ದವಳು ಅವನ ಹೆಂಡತಿ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಫೋನು ಒರಗಿಸಿಟ್ಟುಕೊಂಡು ಕೇಳುತ್ತಿದ್ದಳು. ಕೇಳಿ ಮುಗಿದ ಮೇಲೆ “ಹೂಂ” ಅಂದರೆ ಪಾಸು. “ಉದ್ದ ಆಯ್ತು” ಅಂದರೆ ಅವನು ಕೋಣೆಗೆ ಹೋಗಿ ಮತ್ತೆ ಕತ್ತರಿಸಬೇಕು. ಸಾಲುಸಾಲಾಗಿ ಮೊಟ್ಟೆ ಟ್ರೇ ಅಂಟಿಸಿದ ಗೋಡೆ, ಹಳೇ ಹಾಸಿಗೆ ಬಡಿದು ಮುಚ್ಚಿದ ಕಿಟಕಿ. ಅದು ಅವನ ಸ್ಟುಡಿಯೋ. ಒಳಗೆ ಕೂತರೆ ಮನುಷ್ಯ ಬೇಯುತ್ತಿದ್ದ.

ಅವಳಿಗೊಬ್ಬ ತಮ್ಮ. ತಾಯಿ ಸತ್ತಾಗ ಅವನಿಗೆ ಎರಡು ವರ್ಷ, ಇವಳಿಗೆ ಹನ್ನೆರಡು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನು ನಗರಸಭೆಯ ಮೂರನೇ ಪಂಪ್‌ಹೌಸಿನಲ್ಲಿ ಹಗಲು ಪಾಳಿಯ ಆಪರೇಟರು. ಗುತ್ತಿಗೆ ಆಳು. ಹತ್ತೊಂಬತ್ತು ವರ್ಷ ಗುತ್ತಿಗೆಯಲ್ಲೇ ತೇಯ್ದಿದ್ದ. ಕೊನೆಗೂ ಖಾಯಂ ಮಾಡುವವರ ಪಟ್ಟಿ ಬಂತು. ಹನ್ನೊಂದು ಹೆಸರಿನಲ್ಲಿ ನಾಲ್ಕನೆಯದು ಇವನದು. ಆದೇಶ ಕೈಗೆ ಬರುವುದಕ್ಕೆ ಇನ್ನು ಮೂರು ತಿಂಗಳು.

ಆ ಹೊತ್ತಿಗೆ ಊರಿನ ಮೂರು ವಾರ್ಡುಗಳಲ್ಲಿ ಮಕ್ಕಳು ವಾಂತಿಭೇದಿಯಿಂದ ಮಲಗತೊಡಗಿದವು. ನಾವು ನಗರಸಭೆಗೆ ಹೋಗಿ ಕೇಳಿದರೆ ನೀರಿನ ವಿಭಾಗದ ಇಂಜಿನಿಯರ್ ರಿಜಿಸ್ಟರು ತೆಗೆದು ಮೇಜಿನ ಮೇಲೆ ಹರವಿದ. ದಿನಕ್ಕೆ ಎರಡು ಸಲ ಕ್ಲೋರಿನ್ ಹಾಕಿದ್ದೇವೆ, ನೋಡಿ, ಒಂದು ದಿನವೂ ತಪ್ಪಿಲ್ಲ. ಅಕ್ಷರ ದುಂಡಗಿತ್ತು. ನಾವು ಬಾಯಿ ಮುಚ್ಚಿಕೊಂಡು ಬಂದೆವು.

ಆ ಭಾನುವಾರ ತಮ್ಮ ಅಕ್ಕನ ಮನೆಗೆ ಬಂದವನು ತಟ್ಟೆಯ ಪಕ್ಕದ ನೀರಿನ ಲೋಟ ದೂರ ಸರಿಸಿದನಂತೆ.

“ಅಕ್ಕಾ, ನೀರು ಕಾಯ್ಸಿ ಕುಡೀರಿ.”

“ಯಾಕೋ? ದಿನಾ ಔಷಧಿ ಹಾಕ್ತೀಯಲ್ಲ?”

“ಎಲ್ಲಿ ಹಾಕ್ತೀನಿ? ಆ ಮಿಷನ್ ಕೆಟ್ಟು ಐದು ತಿಂಗಳಾಯ್ತು. ಹಾಕಿದ್ದೀನಿ ಅಂತ ಬರೀತೀನಿ ಅಷ್ಟೇ. ಬರಿ ಅಂತಾರೆ, ಬರೀತೀನಿ.”

ದುಂಡಗಿನ ಅಕ್ಷರ ಅವನದೇ. ಮೈಕಣ್ಣ ಕೈ ತೊಳೆದು ಬಂದು ಎದುರಿಗೆ ಕೂತ.

“ನನ್ನ ಮೈಕಿಗೆ ಹೇಳ್ತೀಯಾ?”

“ಹೇಳ್ತೀನಿ ಭಾವ. ಹೆಸರು ಮಾತ್ರ ಬೇಡ. ಪಟ್ಟೀಲಿ ಇದೀನಿ.”

“ನಿನ್ನ ನೆರಳೂ ಬರಲ್ಲ. ಬಾಯಿ ಬಿಟ್ಟು ಹೇಳು ಸಾಕು.”

“ನೀವು ಮಾಡ್ತೀರಿ ಅಂದ್ರೆ ನಂಗೇನು ಯೋಚ್ನೆ,” ಅಂದನಂತೆ ಹುಡುಗ. ಹುಡುಗ ಅಂದೆ. ನಲವತ್ತು ದಾಟಿದ್ದ. ಅಕ್ಕನ ಮನೆಯಲ್ಲಿ ತಮ್ಮಂದಿರಿಗೆ ವಯಸ್ಸಾಗುವುದಿಲ್ಲ.

ಮಂಗಳವಾರ ಮಧ್ಯಾಹ್ನ ಮೈಕಣ್ಣ ಪಂಪ್‌ಹೌಸಿಗೆ ಹೋದ. ಬುಧವಾರ ನನ್ನನ್ನು ತನ್ನ ಕೋಣೆಗೆ ಕರೆದ. ಮೊಟ್ಟೆ ಟ್ರೇಗಳ ನಡುವೆ ನಾನು, ಅವನು, ಅವನ ಹೆಂಡತಿ, ಮೂವರೂ ಬೆವರುತ್ತ ಕೇಳಿದೆವು. ತಮ್ಮ ಎಲ್ಲವನ್ನೂ ಹೇಳಿದ್ದ. ಮಿಷನ್ ಯಾವ ದಿನ ನಿಂತಿತು, ಎಷ್ಟು ಸಲ ಬರೆದು ಕೊಟ್ಟ, ಅದು ಯಾವ ಬೀರುವಿನಲ್ಲಿ ಹೂತುಹೋಯಿತು, ಎಲ್ಲ. ಹೇಳುತ್ತಿರುವಾಗಲೇ ನಡುವೆ ಅವನ ಫೋನು ಬಂತು. ಪಂಪಿನ ಗದ್ದಲದಲ್ಲಿ ಸ್ಪೀಕರಿಗೆ ಹಾಕದೆ ಏನೂ ಕೇಳುವುದಿಲ್ಲ. ಆ ಕಡೆಯಿಂದ ಇಂಜಿನಿಯರನ ದನಿ ಗಂಟೆ ಹೊಡೆದಂತೆ ಬಂತು.

“ಇವತ್ತಿಂದು ಬರೆದ್ಯೇನಯ್ಯಾ?”

“ಸಾರ್, ಮಿಷನ್ ಇಲ್ದೆ ಎಷ್ಟು ದಿನ ಅಂತ...”

“ಮಿಷನ್ ವಿಷ್ಯ ನಂಗೆ ಬಿಡು. ಹಾಕಿದೆ ಅಂತ ಬರಿ. ಪಟ್ಟೀಲಿದೀಯಾ ಅನ್ನೋದು ನೆನಪಿದೆಯಲ್ಲ?”

ನಾನು ತೊಡೆ ತಟ್ಟಿಕೊಂಡೆ. ಮೂವತ್ತು ವರ್ಷದಲ್ಲಿ ಇಷ್ಟು ಬೆತ್ತಲೆ ಸಾಕ್ಷಿ ನನ್ನ ಕೈಗೆ ಸಿಕ್ಕಿರಲಿಲ್ಲ. ಆದರೆ ತಟ್ಟಿದ ಕೈ ತೊಡೆಯಿಂದ ಮೇಲೇಳುವ ಮೊದಲೇ ಬುದ್ಧಿ ಓಡಿತು. ಈ ಕರೆಯನ್ನು ಹಾಕಿದರೆ, ತಾನು ಯಾರಿಗೆ ಫೋನು ಮಾಡಿದ್ದೆ ಅಂತ ಇಂಜಿನಿಯರನಿಗೆ ಗೊತ್ತಾಗುವುದಿಲ್ಲವೇ? ಅದನ್ನು ಕತ್ತರಿಸು ಅಂದೆ. ಕತ್ತರಿಸಿದ. ತಮ್ಮನ ದನಿಯನ್ನು ತಿರುಚಿ ತಿರುಚಿ ಕೊಡದೊಳಗಿನ ಕಪ್ಪೆಯ ದನಿ ಮಾಡಿದ. “ನಂಗೇ ಗುರುತು ಸಿಗಲ್ಲ,” ಅಂದಳು ಅಕ್ಕ.

ಆಮೇಲೆ ನಾನು ಇನ್ನೊಂದು ಮಾತು ಹೇಳಿದೆ. “ಒರಿಜಿನಲ್ ಅಳಿಸಿಹಾಕು.”

“ಇರ್ಲಿ ಲೀಡ್ರೇ, ಎಲ್ಲಾದ್ರೂ ಒಂದು ಕಡೆ ಬಿದ್ದಿರ್ಲಿ.”

“ಬಿದ್ದಿದ್ದನ್ನೇ ಅವರು ಹೆಕ್ಕೋದು. ಅಳಿಸು.”

ನಮ್ಮ ಕಾಲದ ಪಾಠ ಅದು. ಪೊಲೀಸರು ಬಂದಾಗ ಹೆಸರಿನ ಪಟ್ಟಿ ಒಲೆಯಲ್ಲಿರಬೇಕು, ಜೇಬಿನಲ್ಲಲ್ಲ. ಹಾಗೆ ಸುಟ್ಟು ಎಷ್ಟೋ ಜನರನ್ನು ಉಳಿಸಿದ್ದೇವೆ ಅನ್ನುವ ಜಂಬ ನನಗಿತ್ತು. ನನ್ನ ಕಣ್ಣೆದುರೇ ಅವನು ಅಳಿಸಿದ.

ತಿದ್ದದೆ ಉಳಿದದ್ದು ಕಂತಿನ ಆ ಮೊದಲ ಒಂದು ನಿಮಿಷ. ಘುರ್ರೆಂದು ಪಂಪು ಓಡುವ ಸದ್ದು, ಏಳೆಂಟು ಉಸಿರಿಗೊಮ್ಮೆ ಅದು ಬಿಕ್ಕಳಿಸಿದಂತೆ ಒಂದು ‘ಟಕ್’. ಆ ಸದ್ದನ್ನು ಚೊಕ್ಕಟವಾಗಿ ಹಿಡಿಯುವುದಕ್ಕೆ, ರಸ್ತೆಯ ಲಾರಿಗಳೆಲ್ಲ ಹೋಗಲಿ ಅಂತ ಹತ್ತು ನಿಮಿಷ ಕಾದೆ ಅಂದ ಮೈಕಣ್ಣ. ಹೊಸದಾಗಿ ಹುಟ್ಟಿದ ಮಗುವನ್ನು ತೋರಿಸುವವನ ಮುಖ ಅವನದು.

“ಈ ಪಂಪಿನ ಸದ್ದು ಬೇಕೇಬೇಕಾ?” ಅಂದಳು ಹೆಂಡತಿ.

“ಪಂಪು ಯಾವ ಊರಲ್ಲಿಲ್ಲ ಮಾರಾಯ್ತಿ?”

ಅವಳು ನನ್ನ ಮುಖ ನೋಡಿದಳು. “ಪಂಪು ಅಂದ್ರೆ ಪಂಪು ಕಣಮ್ಮಾ,” ಅಂದೆ ನಾನು. ಬಾಯಿಗೆ ಬೀಗ ಬಿದ್ದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಆರಕ್ಕೆ ಕಂತು ಹೊರಬಂತು. ಏಳಕ್ಕೆ ಊರು ಕುದಿಯಿತು. ಶನಿವಾರ ನಾನೂರು ಹೆಂಗಸರು ಖಾಲಿ ಕೊಡ ಹೊತ್ತು ನಗರಸಭೆಯ ಮೆಟ್ಟಿಲ ಮೇಲೆ ಕೂತರು. ನಾನು ಅಟ್ಟದಿಂದ ಇಳಿಸಿದ ಹಾರನ್ನಿನಲ್ಲಿ ಗಂಟಲು ಹರಿಯುವ ತನಕ ಕೂಗಿದೆ. ಸೋಮವಾರ ನಗರಸಭೆ ತುರ್ತಾಗಿ ಸೇರಿ ಹೊಸ ಕ್ಲೋರಿನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ವಾರದಲ್ಲಿ ಅದು ಬಂದು ಕೂತಿತು. ಗೆದ್ದೆವು ಅಂತ ಭಾಷಣ ಮಾಡಿದೆ. ಸುಳ್ಳಲ್ಲ. ಮಕ್ಕಳು ಎದ್ದು ಓಡಾಡಿದವು.

ನಾನು ಆ ಭಾಷಣ ಮಾಡುತ್ತಿದ್ದ ದಿನವೇ ತಮ್ಮನ ಕೈಗೆ ಪತ್ರ ಬಂತು.

ಗುರುತು ಹೇಗೆ ಸಿಕ್ಕಿತು ಅನ್ನುವುದು ತಿಳಿದದ್ದು ಎಷ್ಟೋ ದಿನದ ಮೇಲೆ. ನೀರಿನ ವಿಭಾಗದ ಹಳೇ ಫಿಟ್ಟರ್ ಒಬ್ಬ ಚಹಾದಂಗಡಿಯಲ್ಲಿ ನನ್ನ ಪಕ್ಕ ಬಂದು ಕೂತು, ಲೋಟ ತಿರುಗಿಸುತ್ತ ಹೇಳಿದ.

“ನಾನು ಬೇಕಂತ ಹೇಳ್ಲಿಲ್ಲ ಸ್ವಾಮಿ. ಸಾಹೇಬ್ರ ರೂಮಿಗೆ ನಲ್ಲಿ ರಿಪೇರಿಗೆ ಹೋಗಿದ್ದೆ. ಅವರು ಫೋನಲ್ಲಿ ಹಾಕ್ಕೊಂಡು ಕೇಳ್ತಿದ್ರು. ಆ ‘ಟಕ್’ ಕಿವಿಗೆ ಬಿದ್ದಿದ್ದೇ ತಡ, ಬಾಯಿಗೆ ಬಂದ್ಬಿಡ್ತು. ‘ಓ, ನಮ್ಮ ಬಿಕ್ಕಳಿಕೆ ಪಂಪು’ ಅಂದ್ಬಿಟ್ಟೆ. ಸಲೂನಲ್ಲಿ ಹೇಳೋ ಹಾಗೇ ಹೇಳ್ದೆ. ಗೆದ್ದೆ ಅಂತ ನಕ್ಕೂ ನಕ್ಕೆ. ಸಾಹೇಬ್ರು ನಗ್ಲಿಲ್ಲ. ಆಗ ಹೊಳೀತು.”

ಊರಿಗೆ ಪಂಪ್‌ಹೌಸು ಮೂರು. ಬಿಕ್ಕಳಿಸುವುದು ಮೂರನೆಯದು ಮಾತ್ರ. ಅದರ ವಾಲ್ವ್ ಸವೆದು ವರ್ಷಗಳಾಗಿತ್ತು. ಹಗಲು ಪಾಳಿಯಲ್ಲಿ ಅಲ್ಲಿರುವವನು ಒಬ್ಬನೇ, ರಿಜಿಸ್ಟರು ಬರೆಯುವವನೂ ಅವನೇ.

ಪತ್ರದಲ್ಲಿ ಪಾಡ್‌ಕಾಸ್ಟಿನ ಬಗ್ಗೆ ಒಂದಕ್ಷರ ಇರಲಿಲ್ಲ. ರಿಜಿಸ್ಟರಿನಲ್ಲಿ ಐದು ತಿಂಗಳು ಸುಳ್ಳು ಬರೆದು ಸಾರ್ವಜನಿಕರ ಆರೋಗ್ಯಕ್ಕೆ ಕುತ್ತು ತಂದಿದ್ದಾನೆ, ಆದ್ದರಿಂದ ಕೆಲಸದಿಂದ ತೆಗೆದಿದೆ ಅಂತಿತ್ತು. ಅಕ್ಷರ ಅವನದೇ, ಸಹಿ ಅವನದೇ. ಊರಿಗೆ ವಿಷ ಕುಡಿಸಿದವನು ಅಂತ ಅವನ ಬೀದಿಯ ಒಂದಿಬ್ಬರು ಅವನ ಮುಖಕ್ಕೇ ಅಂದರು.

ನಾವು ಅವನಿಗಾಗಿ ಟೆಂಟು ಹಾಕಿದೆವು. ನಾಲ್ಕು ದಿನ. ಮೊದಲ ದಿನ ನೂರು ಜನ, ನಾಲ್ಕನೆಯ ದಿನ ಒಂಬತ್ತು ಮಂದಿ, ಅದರಲ್ಲಿ ಇಬ್ಬರು ನೆರಳಿಗೆ ಕೂತವರು. ನೀರು ಚೊಕ್ಕವಾದ ಮೇಲೆ ಯಾರಿಗೆ ಬೇಕು ಪಂಪಿನವನು? ಐದನೆಯ ದಿನ ಪಕ್ಕದ ಊರಿನಲ್ಲಿ ಬಸ್ಸಿನವರ ಮುಷ್ಕರ ಶುರುವಾಯಿತು. ಟೆಂಟು ಕಿತ್ತು ಅಲ್ಲಿಗೆ ಒಯ್ದೆವು. ಮೈಕಣ್ಣನ ಆಂಪ್ಲಿಫೈಯರನ್ನೂ ಒಯ್ದೆವು. ಅವನು ಈ ಸಲ ಅದರ ಜೊತೆಗೆ ಬರಲಿಲ್ಲ.

ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆ ಅಂತ ಒಂದು ದಿನ ಕೊಟ್ಟರು. ಅಷ್ಟರಲ್ಲಿ ಮೈಕಣ್ಣ ರೆಕಾರ್ಡರಿನ ಮೆಮೊರಿ ಕಾರ್ಡನ್ನು ಎರಡು ಕಂಪ್ಯೂಟರ್ ಅಂಗಡಿಗೆ ಒಯ್ದಿದ್ದ. ಇಬ್ಬರದೂ ಒಂದೇ ಮಾತು: ಇದರ ಮೇಲೆ ಬೇರೆ ರೆಕಾರ್ಡ್ ಮಾಡಿದ್ದೀರಿ, ಹೋಗಿದ್ದು ಬರಲ್ಲ. ಇದು ನನಗೆ ಗೊತ್ತಿತ್ತು. ತಮ್ಮನಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬಂದಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಲೇ ಆ ದಿನ ಬಂದುಬಿಟ್ಟಿತು.

ಅಧಿಕಾರಿ ಹೆಂಗಸು. ಕನ್ನಡಕ ಹಣೆಗೇರಿಸಿ ಕೇಳಿದರು. “ಸುಳ್ಳು ಬರಿ ಅಂತ ಮೇಲಿನವರು ಹೇಳಿದ್ರು ಅಂತೀರಿ. ಏನಾದ್ರೂ ದಾಖಲೆ ಇದೆಯಾ?”

ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಎದ್ದು ನಿಂತ.

“ಇದೆ ಮೇಡಂ. ಸಾಹೇಬ್ರ ದನೀನೇ ಇದೆ. ನಮ್ಮ ಭಾವನ ಹತ್ರ ಇದೆ.” ಭಾವನ ಕಡೆ ತಿರುಗಿದ. “ಭಾವ, ಹಾಕಿ.”

ಮೈಕಣ್ಣ ಕೂತಲ್ಲೇ ಕೂತಿದ್ದ. ಎದುರು ಕುರ್ಚಿಯಲ್ಲಿದ್ದ ಇಂಜಿನಿಯರನ ಮುಖದ ಬಣ್ಣ ಒಂದು ಗಳಿಗೆ ಇಳಿದದ್ದನ್ನು ನಾನು ಕಂಡೆ.

“ಭಾವ?”

“ಇಲ್ಲ ಕಣೋ. ಅಳಿಸಿಬಿಟ್ಟೆ.”

“ಅದನ್ನಾ?”

“ನಿಂಗೆ ತೊಂದ್ರೆ ಆಗ್ಬಾರ್ದು ಅಂತ.”

ಇಂಜಿನಿಯರನ ಬಣ್ಣ ಮತ್ತೆ ಏರಿತು. ಅವನ ಹಿಂದೆ ಕೂತಿದ್ದ ಗುಮಾಸ್ತ ಕೆಮ್ಮಿನೊಳಗೆ ನಗು ಮುಚ್ಚಿಕೊಂಡ. ತಮ್ಮ ಇನ್ನೂ ನಿಂತೇ ಇದ್ದ, ಕೂರುವುದನ್ನು ಮರೆತವನ ಹಾಗೆ. ನಾನು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ಕೂತಿದ್ದೆ. ಅಳಿಸು ಅಂದವನು ನಾನು ಅಂತ ಆಗ ಎದ್ದು ಹೇಳಬೇಕಿತ್ತು. ಲಾಠಿಗೆ ಬೆನ್ನು ಕೊಟ್ಟವನು, ಜೈಲಿನ ಮುದ್ದೆಗೆ ಹೊಟ್ಟೆ ಕೊಟ್ಟವನು, ನಾಲ್ಕು ಕುರ್ಚಿಯ ಆ ಕೋಣೆಯಲ್ಲಿ ಬಾಯಿ ಬಿಡಲಿಲ್ಲ. ಕೆಲಸ ಹೋಯಿತು. ಪಟ್ಟಿಯ ನಾಲ್ಕನೇ ಜಾಗಕ್ಕೆ ಐದನೆಯವನು ಸರಿದ.

ಒಂದು ವಾರ ಬಿಟ್ಟು ಅವರ ಮನೆಗೆ ಹೋದೆ. ಅವಳು ಚಹಾ ತಂದಿಟ್ಟಳು. ಉಪ್ಪಿನ ಡಬ್ಬಿ ಅದರ ಜಾಗದಲ್ಲಿತ್ತು. ಫೋನು ಇರಲಿಲ್ಲ.

“ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತಾರಲ್ಲ ಅಣ್ಣಾ,” ಅಂದಳು. “ನೀವಿಬ್ರೂ ಸೇರಿ ಊರಿಗೆ ಉಪಕಾರ ಮಾಡಿದ್ರಿ. ಆಮೇಲೆ ನಾಲ್ಕು ದಿನ ಟೆಂಟ್ ಹಾಕಿ ಇನ್ನೊಂದೂ ಮಾಡಿದ್ರಿ.”

“ತಪ್ಪು ನಂದು ಕಣಮ್ಮಾ.”

“ಯಾರದ್ದಾದ್ರೇನು? ಆ ಸದ್ದು ಬೇಕಾ ಅಂತ ಕೇಳಿದ್ದೆ. ನೆನಪಿದೆಯಾ?”

ನೆನಪಿತ್ತು. ಚಹಾ ಕುಡಿದು ಎದ್ದು ಬಂದೆ.

ಮೈಕಣ್ಣ ಆಮೇಲೆ ಆರು ಕಂತು ಮಾಡಿದ. ಮೊದಲಿನ ಆ ಒಂದು ನಿಮಿಷವನ್ನು ಕೈಬಿಟ್ಟಿದ್ದ. ಕೋಟೆ ಸೂರೆಯಾದ ಮೇಲೆ ಬಾಗಿಲು ಹಾಕಿದ ಹಾಗೆ. “ಸಪ್ಪೆ ಆಯ್ತು ಮೈಕಣ್ಣ,” ಅಂದರು ಸಲೂನಿನವರು. ಏಳನೆಯ ಶುಕ್ರವಾರ ಏನೂ ಬರಲಿಲ್ಲ. ಯಾಕೆ ಅಂತ ಎರಡು ವಾರ ಕೇಳಿದರು, ಮೂರನೆಯ ವಾರ ಬೇರೇನೋ ಕೇಳಿಕೊಂಡು ಕೂತರು. ರೆಕಾರ್ಡರು ಬಟ್ಟೆಯಲ್ಲಿ ಸುತ್ತಿ ಹಾರನ್ನುಗಳ ಪಕ್ಕ ಅಟ್ಟ ಸೇರಿತು. ಈಗ ಸತ್ತವರ ಮನೆಗೆ ಭಜನೆಗೆ ಒಂದು ಸ್ಪೀಕರ್ ಬಾಕ್ಸು ಬಾಡಿಗೆಗೆ ಕೊಡುತ್ತಾನೆ, ಅಷ್ಟೇ.

ತಮ್ಮನಿಗೆ ಬಸ್ ನಿಲ್ದಾಣದ ಎದುರಿನ ಐದು ಮಹಡಿಯ ಅಂಗಡಿ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸ ಸಿಕ್ಕಿತು. ಒಂದು ಸ್ಟೂಲು, ಆರು ಗುಂಡಿ. “ಮೊದ್ಲು ನೀರು ಮೇಲೆ ಹತ್ತಿಸ್ತಿದ್ದೆ, ಈಗ ಜನಾನ ಹತ್ತಿಸ್ತೀನಿ. ನೀರೇ ವಾಸಿ, ಯಾವ ಮಹಡಿ ಅಂತ ಕೇಳ್ಬೇಕಾಗಿರ್ಲಿಲ್ಲ,” ಅಂತ ಯಾರಿಗೋ ಹೇಳಿದನಂತೆ. ಅಕ್ಕನ ಮನೆಗೆ ಹೋಗುತ್ತಾನೆ, ಭಾವ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು.

ಮೈಕಣ್ಣ ಕ್ಷಮೆ ಕೇಳುವುದಕ್ಕೆ ಮೊದಲ ಸಲ ಲಿಫ್ಟಿಗೆ ಹೋದದ್ದು ಒಂದು ಶುಕ್ರವಾರ ಸಂಜೆ ಆರಕ್ಕೆ. ಆ ಹೊತ್ತಿನಲ್ಲಿ ಅವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ.

“ಯಾವ ಮಹಡಿ?” ಅಂದ ತಮ್ಮ.

“ನೋಡೋ, ನಾನು...” ಅನ್ನುವಷ್ಟರಲ್ಲಿ ಒಂದನೇ ಮಹಡಿ. ಮೂರು ಹೆಂಗಸರು ಚೀಲಗಳೊಂದಿಗೆ ಹತ್ತಿದರು. ಎರಡರಲ್ಲಿ ಇಳಿದರು. “ನಾನು ಒಂದು ಕಂತು ಮಾಡ್ತೀನಿ. ನಂದೇ ತಪ್ಪು ಅಂತ ಊರಿಗೆಲ್ಲ...” ಮೂರನೇ ಮಹಡಿ. ಅಪ್ಪ, ಮಗಳು, ಒಂದು ಸೈಕಲ್ಲಿನ ಚಕ್ರ. ಐದಕ್ಕೆ ಹೋಗಿ ಇಳಿದು ಬರುವ ತನಕ ಇಷ್ಟೇ ಆಯಿತು. ನೆಲಮಹಡಿಯಲ್ಲಿ ತಮ್ಮ ಬಾಗಿಲು ತೆರೆದು ಹೇಳಿದ, “ಭಾವ, ಒಂದು ಕೇಳ್ಕೋತೀನಿ. ಇನ್ನು ನನ್ನ ಸುದ್ದಿ ಹಾಕ್ಬೇಡಿ. ಒಳ್ಳೇದೂ ಬೇಡ, ಕೆಟ್ಟದ್ದೂ ಬೇಡ.”

ಹೀಗೆ ಊರಿಗೆಲ್ಲ ದನಿ ಕೊಟ್ಟವನಿಗೆ ತನ್ನ ತಪ್ಪನ್ನು ಹೇಳಿಕೊಳ್ಳುವುದಕ್ಕೆ ಜಾಗ ಇಲ್ಲದಾಯಿತು. ಆದರೂ ಪ್ರತಿ ಶುಕ್ರವಾರ ಆರಕ್ಕೆ ಹೋಗುತ್ತಾನೆ. ಮೇಲೆ ಒಂದು ಸಲ, ಕೆಳಗೆ ಒಂದು ಸಲ. ಮಾತಿಲ್ಲ.

ಹೋದ ಶುಕ್ರವಾರ ನಾನೂ ಜೊತೆಗೆ ಹೋದೆ. ಅಂಗಡಿಗಳು ಬೇಗ ಮುಚ್ಚಿದ್ದ ದಿನ, ಲಿಫ್ಟಿನಲ್ಲಿ ನಾವು ಮೂವರೇ. ಒಂದನೇ ಮಹಡಿ ದಾಟುವಾಗ ಹೇಳಿದೆ.

“ಅಳಿಸು ಅಂದಿದ್ದು ನಾನು.”

ತಮ್ಮ ಗುಂಡಿಗಳನ್ನೇ ನೋಡುತ್ತಿದ್ದ. “ಗೊತ್ತು. ಭಾವಂಗೆ ಅಷ್ಟು ಎಚ್ಚರ ಎಲ್ಲಿಂದ ಬರ್ಬೇಕು?”

“ಆವತ್ತೇ ಹೇಳ್ಬೇಕಿತ್ತು.”

“ಹೂಂ. ಹೇಳ್ಬೇಕಿತ್ತು.”

ಎರಡು ದಾಟಿತು. ಮೂರನೇ ಮಹಡಿಯ ಹತ್ತಿರ ತಲೆಯ ಮೇಲೆ ಎಲ್ಲೋ ಸಣ್ಣಗೆ, ಒಣ ಕಡ್ಡಿ ಮುರಿದಂಥ ಸದ್ದಾಯಿತು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೈಕಣ್ಣನ ಕೈ ತಾನಾಗಿಯೇ, ಮೊದಲು ರೆಕಾರ್ಡರು ಇಡುತ್ತಿದ್ದ ಅಂಗಿಯ ಜೇಬಿಗೆ ಹೋದದ್ದನ್ನು ನೋಡಿದ ಮೇಲೆ ನನಗೆ ಹೊಳೆಯಿತು. ಜೇಬು ಖಾಲಿ ಇತ್ತು. ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತ.

“ಕೇಳಿಸ್ತಾ?” ಅಂದ ತಮ್ಮ.

“ಕೇಳಿಸ್ತು.”

“ಮೂರನೇದ್ರಲ್ಲಿ ಮಾತ್ರ ಬರ್ತದೆ. ಹತ್ತುವಾಗ ಮಾತ್ರ.” ಮೊದಲ ಸಲ ಭಾವನ ಮುಖ ನೋಡಿದ. “ಯಾರಿಗೂ ಹೇಳ್ಬೇಡಿ.”

“ಇಲ್ಲ,” ಅಂದ ಮೈಕಣ್ಣ.

ಐದಕ್ಕೆ ಹೋಗಿ ಕೆಳಗೆ ಬಂದೆವು. ತಮ್ಮ ಬಾಗಿಲು ಸರಿಸಿದ. ಹೊರಗೆ ಇಬ್ಬರು ಕಾಯುತ್ತಿದ್ದರು. ನಾವು ಇಳಿದೆವು, ಅವರು ಹತ್ತಿದರು.

“ಯಾವ ಮಹಡಿ?” ಅನ್ನುವುದು ಹಿಂದಿನಿಂದ ಕೇಳಿಸಿತು.